ಸಣ್ಣ ದೇಶದಲ್ಲಿ ಸಿನಿಮಾ ಕಟ್ಟುವುದು ಹೇಗೆ: ಐರ್ಲೆಂಡಿನ ಕಿರ್ದಿ ಪುಸ್ತಕದಿಂದ

ನಿಮ್ಮ ಕೈಗೆ ಒಂದು ಸಣ್ಣ ದೇಶ ಸಿಕ್ಕಿದೆ ಎಂದುಕೊಳ್ಳಿ. ಜನ ಸುಮಾರು 50 ಲಕ್ಷ, ಅಂದರೆ ಬೆಂಗಳೂರಿನ ಅರ್ಧವೂ ಇಲ್ಲ. ಮಳೆ ಆಗುಂಬೆಯ ಹಾಗೆ ಸುರಿಯುವುದಿಲ್ಲ, ಜಿಟಿಜಿಟಿ ಅಂತ ವರ್ಷಪೂರ್ತಿ ಹಿಡಿದುಕೊಂಡಿರುತ್ತದೆ. ಪಕ್ಕದಲ್ಲೇ ಅದೇ ಇಂಗ್ಲಿಷ್ ಮಾತಾಡುವ, ಹತ್ತು ಪಟ್ಟಿಗೂ ದೊಡ್ಡ ದೇಶ. ನಿಮ್ಮಲ್ಲಿ ಬರೆಯುವವರು, ನಟಿಸುವವರು, ಹಾಡುವವರು ಬೇಕಾದಷ್ಟು ಹುಟ್ಟುತ್ತಾರೆ. ಇಪ್ಪತ್ತೈದು ತುಂಬುವಷ್ಟರಲ್ಲಿ ಹಡಗು ಹತ್ತಿ ಲಂಡನ್ನಿಗೆ ಹೋಗುತ್ತಾರೆ. ಇಲ್ಲೊಂದು ಸಿನಿಮಾ ಉದ್ಯಮ ಕಟ್ಟಿ ಅಂದರೆ ಎಲ್ಲಿಂದ ಶುರು ಮಾಡುತ್ತೀರಿ?

"ಮೊದಲು ಒಂದು ಫಿಲ್ಮ್ ಸಿಟಿ ಕಟ್ಟೋಣ" ಅನ್ನುವವರೇ ಜಾಸ್ತಿ. ಈ ಮಾತನ್ನು ನಮ್ಮೂರ ಕಡೆ ಎಷ್ಟು ಬಜೆಟ್ಟುಗಳಲ್ಲಿ ಕೇಳಿಲ್ಲ! ನಾನು ಮಾತ್ರ ಬಡಗಿಯಿಂದ ಶುರು ಮಾಡಿ ಅನ್ನುತ್ತೇನೆ. ಒಂದು ಸಿನಿಮಾ ಪ್ಯಾಕಪ್ ಆದ ಮಾರನೇ ದಿನ ಆ ಸೆಟ್ಟಿನ ಬಡಗಿ ಎಲ್ಲಿಗೆ ಕೆಲಸಕ್ಕೆ ಹೋಗುತ್ತಾನೆ? ಇನ್ನೊಂದು ಸೆಟ್ಟಿಗಾ, ಯಾರದೋ ಅಡುಗೆಮನೆಗೆ ಕಪಾಟು ಮಾಡುವುದಕ್ಕಾ, ಇಲ್ಲಾ ಪರದೇಶಕ್ಕಾ? ಇದಕ್ಕೆ ನಿಮ್ಮ ಹತ್ತಿರ ಉತ್ತರ ಇಲ್ಲದಿದ್ದರೆ ಎಷ್ಟು ಸ್ಟುಡಿಯೋ ಕಟ್ಟಿದರೂ ಅದು ಖಾಲಿ ಗೋಡೌನು.

ಇಷ್ಟು ಜೋರಾಗಿ ಹೇಳುತ್ತಿರುವ ನಾನು ನಿರ್ದೇಶಕಿಯೂ ಅಲ್ಲ, ನಿರ್ಮಾಪಕಿಯೂ ಅಲ್ಲ. ಪ್ರೊಡಕ್ಷನ್ ಅಕೌಂಟೆಂಟ್. ಸೆಟ್ಟಿನಲ್ಲಿ ಯಾರ ಫೋಟೋದಲ್ಲೂ ಇಲ್ಲದ, ಆದರೆ ಶುಕ್ರವಾರ ಸಂಜೆ ಎಲ್ಲರೂ ಹುಡುಕಿಕೊಂಡು ಬರುವ ಹೆಂಗಸು. ನಮ್ಮಪ್ಪ ತಿಪಟೂರಿನ ಒಂದು ಕೊಬ್ಬರಿ ಮಂಡಿಯಲ್ಲಿ ಕಿರ್ದಿ ಬರೆಯುತ್ತಿದ್ದರು. ನಾನು ಡಬ್ಲಿನ್ನಿನ ಪಕ್ಕದ ವಿಕ್ಲೋ ಜಿಲ್ಲೆಯ ಕೆಸರಿನಲ್ಲಿ, ಕಂಟೇನರ್ ಆಫೀಸಿನಲ್ಲಿ ಕೂತು ಬರೆಯುತ್ತೇನೆ. ಅಲ್ಲಿ ಕೊಬ್ಬರಿ ಮೂಟೆ, ಇಲ್ಲಿ ಪ್ಲೈವುಡ್ಡು ಹಾಳೆ. ಲೆಕ್ಕ ಒಂದೇ.

ಕಟ್ಟಡ ಕಟ್ಟಲು ಅವಸರ ಬೇಡ

ಐರ್ಲೆಂಡ್ ಮೊದಲು ಮಾಡಿದ್ದು ಇದೇ ತಪ್ಪು. 1958ರಲ್ಲಿ ಬ್ರೇ ಅನ್ನುವ ಸಮುದ್ರದಂಡೆಯ ಊರಿನಲ್ಲಿ ಆರ್ಡ್‌ಮೋರ್ ಸ್ಟುಡಿಯೋ ತೆರೆದರು. ಚೆನ್ನಾಗಿಯೇ ಇತ್ತು. ಆದರೆ ಬಂದ ಕಂಪನಿಗಳು ಹೆಚ್ಚಾಗಿ ಇಂಗ್ಲೆಂಡಿನವು. ಕ್ಯಾಮೆರಾದವರನ್ನೂ ಲೈಟಿನವರನ್ನೂ ಜೊತೆಯಲ್ಲೇ ಕರೆದುಕೊಂಡು ಬರುತ್ತಿದ್ದರು. ಸ್ಥಳೀಯರಿಗೆ ಸಿಕ್ಕಿದ್ದು ಚಿಲ್ಲರೆ ಕೆಲಸ. ಐದೇ ವರ್ಷಕ್ಕೆ, 1963ರಲ್ಲಿ, ಸ್ಟುಡಿಯೋ ಸಾಲ ಕೊಟ್ಟವರ ಕೈಗೆ ಹೋಯಿತು. 1973ರಲ್ಲಿ ಸರ್ಕಾರವೇ ಕೊಂಡುಕೊಂಡು, ಮುಂದೆ ರಾಷ್ಟ್ರೀಯ ಸ್ಟುಡಿಯೋ ಮಾಡಿತು. 1982ರಲ್ಲಿ ಅದಕ್ಕೂ ಬೀಗ ಬಿತ್ತು.

ಇದೇ ಕಥೆಯ ಇನ್ನೊಂದು ಮುಖ ನೋಡಬೇಕಾದರೆ ಪಶ್ಚಿಮ ತೀರದ ಡಿಂಗಲ್‌ಗೆ ಹೋಗಬೇಕು. 1969ರಲ್ಲಿ ನಿರ್ದೇಶಕ ಡೇವಿಡ್ ಲೀನ್ 'ರಯಾನ್ಸ್ ಡಾಟರ್' ಚಿತ್ರಕ್ಕಾಗಿ ಅಲ್ಲಿ ಒಂದು ಇಡೀ ಹಳ್ಳಿಯನ್ನೇ ಕಟ್ಟಿಸಿದರು. ತಮಗೆ ಬೇಕಾದಂಥ ಬಿರುಗಾಳಿಗಾಗಿ ತಿಂಗಳುಗಟ್ಟಲೆ ಕಾದರು. ಊರಿನ ಮನೆಮನೆಯಲ್ಲೂ ಯೂನಿಟ್ಟಿನವರು ಬಾಡಿಗೆಗಿದ್ದರು, ಪಬ್ಬಿನವರಿಗೆ ಹಬ್ಬ. ಆಮೇಲೆ ಎಲ್ಲರೂ ಹೊರಟುಹೋದರು. ನಾನು ನೋಡಲು ಹೋದಾಗ ಆ ಹಳ್ಳಿ ಇರಲಿಲ್ಲ. ಉಳಿದಿರುವುದು ಸಮುದ್ರದ ಎದುರಿಗೆ ಬೇರೆ ಕಡೆ ಕಟ್ಟಿದ್ದ ಶಾಲೆಯ ಮನೆ ಒಂದೇ. ಅದಕ್ಕೂ ಸೂರಿಲ್ಲ. ಒಳಗೆ ಎರಡು ಕುರಿ ಮಳೆಗೆ ನಿಂತಿದ್ದವು. ದೊಡ್ಡ ದುಡ್ಡು ಒಂದು ಸಲ ಬಂದು ಹೋದರೆ ಉದ್ಯಮ ಆಗುವುದಿಲ್ಲ, ಜಾತ್ರೆ ಆಗುತ್ತದೆ.

ನಮ್ಮದೂ ಹೀಗೇ ಇತ್ತಲ್ವಾ? ಕನ್ನಡ ಚಿತ್ರಗಳು ಬಹುಪಾಲು ಮದ್ರಾಸಿನ ಸ್ಟುಡಿಯೋಗಳಲ್ಲೇ ತಯಾರಾಗುತ್ತಿದ್ದ ಕಾಲವೊಂದಿತ್ತು. ಭಾಷೆ ನಮ್ಮದು, ನಟರು ನಮ್ಮವರು, ಲೈಟ್‌ಮನ್ ಕೋಡಂಬಾಕಂನವನು. ರಾಜ್ಯದಲ್ಲೇ ತೆಗೆದ ಚಿತ್ರಕ್ಕೆ ಸರ್ಕಾರ ಸಹಾಯಧನ ಕೊಡತೊಡಗಿದ ಮೇಲೆ ಸಿನಿಮಾ ನಿಧಾನವಾಗಿ ಬೆಂಗಳೂರಿಗೆ ಬಂತು. ಸಹಾಯಧನದ ಬಗ್ಗೆ ಯಾರು ಏನೇ ಬೈದುಕೊಂಡರೂ ಲೈಟ್‌ಮನ್ ಊರಿಗೆ ಬಂದ ಅನ್ನುವುದು ಸಣ್ಣ ವಿಷಯ ಅಲ್ಲ.

ದುಡ್ಡಿನ ನಿಯಮ: ಎಷ್ಟು ಅನ್ನುವುದಕ್ಕಿಂತ ಯಾವಾಗ

ಈಗ ನನ್ನ ಇಲಾಖೆಗೆ ಬರೋಣ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಹೊರಗಿನ ಕಂಪನಿ ನಿಮ್ಮ ದೇಶಕ್ಕೆ ಬರಬೇಕಾದರೆ ಖರ್ಚಿನಲ್ಲಿ ಒಂದು ಪಾಲು ವಾಪಸ್ ಕೊಡಬೇಕು. ಇದು ಪ್ರಪಂಚಕ್ಕೆಲ್ಲ ಗೊತ್ತು, ಬೇಕಾದಷ್ಟು ದೇಶಗಳು ಕೊಡುತ್ತವೆ. ಐರ್ಲೆಂಡಿನಲ್ಲಿ ಅದರ ಹೆಸರು ಸೆಕ್ಷನ್ 481. ತೆರಿಗೆ ಕಾನೂನಿನ ಒಂದು ಕಲಮು ಅಷ್ಟೆ, ಆದರೆ ಸೆಟ್ಟಿನಲ್ಲಿ ಟೀ ಕೊಡುವ ಹುಡುಗನಿಗೂ ಆ ನಂಬರು ಗೊತ್ತು.

ಒಂದು ಸಣ್ಣ ಚಿತ್ರದ ಲೆಕ್ಕ ಹಾಕಿ ತೋರಿಸುತ್ತೇನೆ. ಚಿತ್ರದ ಒಟ್ಟು ಖರ್ಚು 10 ಲಕ್ಷ ಯೂರೋ, ಪೂರ್ತಿ ಐರ್ಲೆಂಡಿನಲ್ಲೇ ಖರ್ಚಾಯಿತು ಅನ್ನೋಣ. ನಿಯಮದ ಪ್ರಕಾರ ಒಟ್ಟು ಖರ್ಚಿನ 80% ವರೆಗೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ಅಂದರೆ 8 ಲಕ್ಷ. ಅದರ ಮೇಲೆ ಮಾಮೂಲಿ ದರ 32%. ಬರುವುದು 2,56,000 ಯೂರೋ. ಇದು ತೆರಿಗೆಯಲ್ಲಿ ಕಡಿತವಷ್ಟೇ ಅಲ್ಲ. ಕಂಪನಿ ಕಟ್ಟಬೇಕಾದ ತೆರಿಗೆ ಕಡಿಮೆ ಇದ್ದರೆ ಉಳಿದದ್ದು ದುಡ್ಡಾಗಿಯೇ ಬ್ಯಾಂಕಿಗೆ ಬರುತ್ತದೆ.

ಮುಖ್ಯ ವಿಷಯ ಇನ್ನು ಮುಂದಿದೆ. ಷರತ್ತುಗಳನ್ನು ಪೂರೈಸಿದರೆ ಇದರಲ್ಲಿ 90%, ಅಂದರೆ 2,30,400 ಯೂರೋ, ಚಿತ್ರ ಮುಗಿಯುವ ಮೊದಲೇ ಸಿಗುತ್ತದೆ. ಉಳಿದ 25,600 ಲೆಕ್ಕವೆಲ್ಲ ಒಪ್ಪಿಸಿದ ಮೇಲೆ. ಯಾವುದೋ ದೇಶ 40% ಕೊಡುತ್ತೇನೆ ಅಂದು, ಚಿತ್ರ ಬಿಡುಗಡೆಯಾಗಿ ಎರಡು ವರ್ಷ ಓಡಾಡಿಸಿದರೆ, ಆ ಎರಡು ವರ್ಷದ ಬಡ್ಡಿ ಯಾರು ಕಟ್ಟುತ್ತಾರೆ? ನಮ್ಮಪ್ಪ ಹೇಳುತ್ತಿದ್ದರು, ಹರಾಜಿನಲ್ಲಿ ರೇಟು ಜಾಸ್ತಿ ಕೂಗುವವನಿಗಿಂತ ಸಂಜೆಗೆ ದುಡ್ಡು ಎಣಿಸುವವನಿಗೆ ರೈತ ಮಾಲು ಕೊಡುತ್ತಾನೆ ಅಂತ. ಹಾಲಿವುಡ್ಡಿನವರೂ ತಿಪಟೂರಿನ ರೈತರ ಹಾಗೆಯೇ.

ನಿಯಮವನ್ನು ಪದೇ ಪದೇ ಬದಲಾಯಿಸಬೇಡಿ, ಬದಲಾಯಿಸಿದರೆ ಒಳ್ಳೆಯದಕ್ಕೇ ಬದಲಾಯಿಸಿ. ಈ ಸವಲತ್ತಿನ ಬೇರು 1987ರದು. ಮೊದಲು ಇದ್ದ ಪದ್ಧತಿಯಲ್ಲಿ ಸಿನಿಮಾಕ್ಕೆ ದುಡ್ಡು ಹಾಕಿದ ಖಾಸಗಿ ಹೂಡಿಕೆದಾರರಿಗೆ ತೆರಿಗೆ ರಿಯಾಯಿತಿ ಸಿಗುತ್ತಿತ್ತು. ಡಾಕ್ಟರು, ವಕೀಲರು ದುಡ್ಡು ಹಾಕಿ ತೆರಿಗೆ ಉಳಿಸಿಕೊಳ್ಳುತ್ತಿದ್ದರು. ಅದರಲ್ಲಿ ದೊಡ್ಡ ಪಾಲು ಅವರಿಗೂ ಮಧ್ಯದವರಿಗೂ ಹೋಗಿ, ಸಿನಿಮಾಕ್ಕೆ ಮುಟ್ಟುತ್ತಿದ್ದುದು ಕಡಿಮೆ. 2015ರಿಂದ ಮಧ್ಯದವರನ್ನು ಬಿಟ್ಟು ನೇರವಾಗಿ ನಿರ್ಮಾಣ ಕಂಪನಿಗೇ ಕೊಡುವ ಹಾಗೆ ಮಾಡಿದರು. ನಿಮ್ಮ ದೇಶದಲ್ಲಿ ಮೊದಲ ದಿನದಿಂದಲೇ ಹೀಗೆ ಮಾಡಿ. ದಲ್ಲಾಳಿ ಇಲ್ಲದ ಮಂಡಿಯಲ್ಲಿ ಎಷ್ಟು ಉಳಿಯುತ್ತದೆ ಅನ್ನುವುದು ನಮಗೆ ಗೊತ್ತಿಲ್ಲದ್ದೇನಲ್ಲ.

ಇನ್ನು ನಾನು ಮಾಡಿದ ಎಡವಟ್ಟೊಂದು. ಕೆಲಸಕ್ಕೆ ಸೇರಿದ ಎರಡನೇ ವರ್ಷ, ಒಂದು ಸಣ್ಣ ಚಿತ್ರ. ಕಲಾ ವಿಭಾಗದ ಹುಡುಗ ಪ್ಲೈವುಡ್ಡಿನ ಬಿಲ್ಲು ತಂದುಕೊಟ್ಟ, ಸುಮಾರು 4,000 ಯೂರೋದ್ದು. ನಾನು ಐರಿಶ್ ಖರ್ಚು ಅಂತ ಹೊಡೆದು ಮುಂದೆ ಹೋದೆ. ಅಂಗಡಿ ಇದ್ದದ್ದು ನ್ಯೂರಿಯಲ್ಲಿ. ಡಬ್ಲಿನ್ನಿನಿಂದ ಒಂದೂ ಚಿಲ್ಲರೆ ಗಂಟೆಯ ದಾರಿ, ರಸ್ತೆಯಲ್ಲಿ ಗೇಟೂ ಇಲ್ಲ, ಪೊಲೀಸೂ ಇಲ್ಲ. ಆದರೆ ಅದು ಉತ್ತರ ಐರ್ಲೆಂಡ್, ಅಂದರೆ ಬ್ರಿಟನ್ ಸರ್ಕಾರದ ನೆಲ. ಸೆಕ್ಷನ್ 481ಕ್ಕೆ ಗಡಿಯಾಚೆ ಕೊಂಡ ಮಾಲು ಲೆಕ್ಕಕ್ಕಿಲ್ಲ. ಬಿಲ್ಲಿನ ಮೇಲೆ ಪೌಂಡಿನ ಚಿಹ್ನೆ ಕಣ್ಣಿಗೆ ಹೊಡೆಯುವ ಹಾಗೆ ಇತ್ತು. ಆ ಚಿತ್ರದ ಎಡಿಟಿಂಗು, ಗ್ರಾಫಿಕ್ಸು ಎಲ್ಲ ಬೇರೆ ದೇಶದಲ್ಲಿ ಆಗುತ್ತಿದ್ದುದರಿಂದ ಐರಿಶ್ ಖರ್ಚು 80% ಮುಟ್ಟಿರಲಿಲ್ಲ. ಹಾಗಾಗಿ ಒಂದೊಂದು ಬಿಲ್ಲೂ ಮುಖ್ಯ. ಲೆಕ್ಕ ಒಪ್ಪಿಸುವ ಹಿಂದಿನ ವಾರ ನಮ್ಮ ಹಿರಿಯ ಅಕೌಂಟೆಂಟ್ ಕಂಡುಹಿಡಿದರು. 1,280 ಯೂರೋ ಹೋಯಿತು. ಅವರು ಬೈಯಲಿಲ್ಲ. ಆ ಬಿಲ್ಲಿನ ಜೆರಾಕ್ಸ್ ಮಾಡಿ ನನ್ನ ಮಾನಿಟರಿನ ಪಕ್ಕ ಅಂಟಿಸಿ ಹೋದರು. ಮೂರು ಶೋ, ಅಂದರೆ ಮೂರು ಚಿತ್ರ-ಸರಣಿಗಳ ಕೆಲಸ, ಮುಗಿಯುವವರೆಗೂ ಅದು ಅಲ್ಲೇ ಇತ್ತು.

ಇದನ್ನು ಯಾಕೆ ಹೇಳಿದೆ ಅಂದರೆ, ಸವಲತ್ತು ಕೊಡುವ ದೇಶ ಇಷ್ಟು ಬಿಗಿಯಾಗಿರಬೇಕು. ನಮ್ಮ ಊರಿನ ಪ್ಲೈವುಡ್ ಅಂಗಡಿಯಲ್ಲಿ ಕೊಂಡರೆ ಮಾತ್ರ ದುಡ್ಡು, ನಮ್ಮ ಊರಿನಲ್ಲಿ ದುಡಿದರೆ ಮಾತ್ರ ದುಡ್ಡು. ಬಿಗಿ ಇದ್ದರೂ ನಿಯಮ ಸರಳವಾಗಿರಬೇಕು. ಕನಿಷ್ಠ ಖರ್ಚು ಕೂಡ ಕೈಗೆಟುಕುವ ಹಾಗಿರಲಿ. ಇಲ್ಲಿ ಒಟ್ಟು 2,50,000 ಯೂರೋ, ಅದರಲ್ಲಿ ಲೆಕ್ಕಕ್ಕೆ ಬರುವುದು 1,25,000 ಇದ್ದರೆ ಸಾಕು. ಮೇಲಿನ ಮಿತಿ ಒಂದು ಚಿತ್ರಕ್ಕೆ 12.5 ಕೋಟಿ ಯೂರೋ. ಒಂದೇ ಬಾಗಿಲಲ್ಲಿ ಆನೆಯೂ ಬರುತ್ತದೆ, ಆಡಿನ ಮರಿಯೂ ಬರುತ್ತದೆ.

ಕಲಿಸುವುದನ್ನು ದುಡ್ಡಿಗೆ ಕಟ್ಟಿಹಾಕಿ

ಸವಲತ್ತು ಬೇಕು ಅಂದವರು ಇಲ್ಲಿ ಇನ್ನೊಂದು ಕೆಲಸ ಮಾಡಲೇಬೇಕು. ಯೂನಿಟ್ಟಿನಲ್ಲಿ ಇಷ್ಟು ಜನ ಹೊಸಬರಿಗೆ ಕೆಲಸ ಕಲಿಸುತ್ತೇವೆ ಅಂತ ಬರೆದುಕೊಡಬೇಕು. ಬರೀ ಕಾಗದದ ಮೇಲೆ ಬರೆದು ಬಿಟ್ಟರೆ ಆಗುವುದಿಲ್ಲ, ಕಲಿಸಿದ್ದಕ್ಕೆ ಲೆಕ್ಕ ಕೊಡಬೇಕು.

ನಾನು ಒಳಗೆ ಬಂದದ್ದು ಈ ಕಿಂಡಿಯಿಂದಲೇ. ಯಜಮಾನರ ಸಾಫ್ಟ್‌ವೇರ್ ಕೆಲಸದ ಹಿಂದೆ ಡಬ್ಲಿನ್ನಿಗೆ ಬಂದಿದ್ದೆ. ಬೆಂಗಳೂರಿನಲ್ಲಿ ಆಡಿಟ್ ಆಫೀಸಿನಲ್ಲಿ ಆರು ವರ್ಷ ದುಡಿದಿದ್ದೆ. ಇಲ್ಲಿ ಯಾರಿಗೂ ಬೇಕಿರಲಿಲ್ಲ. ಒಂದು ಸೀರಿಯಲ್ಲಿಗೆ ಅಕೌಂಟ್ಸ್ ಟ್ರೈನಿ ಬೇಕು ಅಂತ ನೋಡಿ ಅರ್ಜಿ ಹಾಕಿದೆ. ಮೊದಲ ದಿನ ಯಾರೋ ಬಂದು ಕೈಗೆ ಕಾಲ್‌ಶೀಟ್ ಕೊಟ್ಟರು. ನಮ್ಮ ಗಾಂಧಿನಗರದಲ್ಲಿ ಕಾಲ್‌ಶೀಟ್ ಅಂದರೆ ಹೀರೋ ಕೊಡುವ ಡೇಟ್ಸು. "ಯಾವ ಹೀರೋದು?" ಅಂತ ಕೇಳಿಬಿಟ್ಟೆ. ಇಲ್ಲಿ ಅದು ನಾಳೆಯ ಹಾಳೆ: ಎಷ್ಟು ಗಂಟೆಗೆ ಯಾರು ಎಲ್ಲಿ ಇರಬೇಕು, ಸೂರ್ಯ ಎಷ್ಟೊತ್ತಿಗೆ ಮುಳುಗುತ್ತಾನೆ, ಹತ್ತಿರದ ಆಸ್ಪತ್ರೆ ಯಾವುದು. ಆಮೇಲೆ ಚಿಲ್ಲರೆ ಖರ್ಚಿನ ಪೆಟ್ಟಿ ಕ್ಯಾಶ್ ಲಕೋಟೆಗಳು, ದಿನದ ಬಾಟಾ, ಓವರ್‌ಟೈಮು, ಇನ್ನೂರು ಜೊತೆ ರಬ್ಬರ್ ಬೂಟಿನ ಬಿಲ್ಲು. ಎಂಟು ತಿಂಗಳಲ್ಲಿ ಯಾವ ಕಾಲೇಜೂ ಕಲಿಸದಷ್ಟು ಕಲಿತೆ.

ಸೀರಿಯಲ್ ಅಂದೆನಲ್ಲ, ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬಡಗಿಯನ್ನು ದೇಶದಲ್ಲಿ ಉಳಿಸಿದ್ದು ಸಿನಿಮಾಗಿಂತ ಜಾಸ್ತಿ ಟೀವಿ. 'ವೈಕಿಂಗ್ಸ್' ಅನ್ನುವ ಸರಣಿ 2012ರಿಂದ ವಿಕ್ಲೋದ ಆಶ್‌ಫರ್ಡ್ ಸ್ಟುಡಿಯೋದಲ್ಲಿ ಚಿತ್ರೀಕರಣವಾಯಿತು. ಆರು ಸೀಸನ್, 89 ಎಪಿಸೋಡ್. ಯುರೋಪಿನ ಹಡಗು, ಹಳ್ಳಿ, ಕೋಟೆ ಎಲ್ಲ ಅಲ್ಲೇ ಕಟ್ಟಿದರು. ಸಿನಿಮಾ ಹತ್ತು ವಾರದಲ್ಲಿ ಮುಗಿಯುತ್ತದೆ, ಸರಣಿ ವರ್ಷ ವರ್ಷ ವಾಪಸ್ ಬರುತ್ತದೆ. ನನಗೆ ಗೊತ್ತಿರುವ ಒಬ್ಬ ಬಡಗಿ ಮೇಸ್ತ್ರಿ ಅಂಥ ಕೆಲಸ ಹಿಡಿದೇ ಮನೆ ಸಾಲ ತೀರಿಸಿದ. ಅದಕ್ಕೆ ಮೊದಲು ಮೂರು ಸಲ ದೇಶ ಬಿಟ್ಟು ಹೋಗಿ ಬಂದಿದ್ದನಂತೆ. "ಬ್ಯಾಂಕಿನವರು ಮೊದಲ ಸಲ ನನ್ನನ್ನು ನೌಕರ ಅಂತ ಒಪ್ಪಿಕೊಂಡರು" ಅಂತ ಬ್ರೇಕ್‌ಫಾಸ್ಟ್ ರೋಲ್ ಕಚ್ಚುತ್ತಾ ಹೇಳಿದ. ರೋಲಿನಲ್ಲಿ ಅರ್ಧ ಹಂದಿ ಇರುತ್ತದೆ. ನಾನು ಬರೀ ಮೊಟ್ಟೆ ಹಾಕಿಸಿಕೊಳ್ಳುತ್ತೇನೆ.

ಮಂತ್ರಿ ಫೋನ್ ಎತ್ತಬೇಕು

ಸಣ್ಣ ದೇಶಕ್ಕೆ ಒಂದು ಲಾಭ ಇದೆ. ದೊಡ್ಡ ದೇಶದಲ್ಲಿ ಹತ್ತು ಇಲಾಖೆಯ ಹತ್ತು ಸಹಿ ಬೇಕಾದ ಕೆಲಸ ಇಲ್ಲಿ ಒಂದು ಫೋನಿನಲ್ಲಿ ಆಗಬಹುದು.

1994ರಲ್ಲಿ ಮೆಲ್ ಗಿಬ್ಸನ್ 'ಬ್ರೇವ್‌ಹಾರ್ಟ್' ತೆಗೆಯುತ್ತಿದ್ದರು. ಕಥೆ ಸ್ಕಾಟ್ಲೆಂಡಿನದು, ಶೂಟಿಂಗೂ ಅಲ್ಲೇ ಶುರುವಾಗಿತ್ತು. ಯುದ್ಧದ ದೃಶ್ಯಗಳಿಗೆ ಸಾವಿರಾರು ಜನ ಬೇಕು. ಐರ್ಲೆಂಡ್ ಸರ್ಕಾರ ತನ್ನ ಮೀಸಲು ಸೇನೆಯನ್ನೇ ಕೊಡುತ್ತೇನೆ ಅಂದಿತು. ಸುಮಾರು 1,600 ಜನ. ಸಾಲಾಗಿ ನಿಲ್ಲಲು, ಒಟ್ಟಿಗೆ ಓಡಲು, ಮಳೆಯಲ್ಲಿ ಗೊಣಗದೆ ಕಾಯಲು ಗೊತ್ತಿರುವವರು. ಚಿತ್ರದ ಬಹುಪಾಲು ಇಲ್ಲಿಗೆ ಬಂತು. ಕಿಲ್ಡೇರ್ ಜಿಲ್ಲೆಯ ಕರ್ರಾ ಬಯಲಿನಲ್ಲಿ ಯುದ್ಧ ನಡೆಯಿತು, ಮೀದ್ ಜಿಲ್ಲೆಯ ಟ್ರಿಮ್ ಕೋಟೆ ಇಂಗ್ಲೆಂಡಿನ ಯಾರ್ಕ್ ಆಯಿತು. ಆಗ ಸೈನಿಕನಾಗಿದ್ದ ಒಬ್ಬ ಈಗ ನಮ್ಮ ಯೂನಿಟ್ಟಿನ ಮಿನಿಬಸ್ ಓಡಿಸುತ್ತಾನೆ. ಬೆಳಿಗ್ಗೆ ಸ್ಕಾಟ್ ಆಗಿ ಇಂಗ್ಲಿಷರನ್ನು ಅಟ್ಟಿಸಿಕೊಂಡು ಹೋಗಿ, ಮಧ್ಯಾಹ್ನ ಇಂಗ್ಲಿಷನಾಗಿ ವಾಪಸ್ ಓಡಿ ಬರುತ್ತಿದ್ದನಂತೆ. ಅದಾದ ಮೂರು ವರ್ಷಕ್ಕೆ, 1997ರಲ್ಲಿ, ಸ್ಪೀಲ್‌ಬರ್ಗ್ ತಮ್ಮ ಮಹಾಯುದ್ಧದ ಚಿತ್ರದ ಸಮುದ್ರತೀರದ ದೃಶ್ಯವನ್ನು ವೆಕ್ಸ್‌ಫರ್ಡಿನ ಕರಕ್ಲೋ ದಂಡೆಯಲ್ಲಿ ತೆಗೆದರು. ಮತ್ತೆ ಮೀಸಲು ಸೇನೆ.

'ಬ್ರೇವ್‌ಹಾರ್ಟ್' ಹೊತ್ತಿಗೆ ಕಲೆ ಮತ್ತು ಸಂಸ್ಕೃತಿ ಮಂತ್ರಿಯಾಗಿದ್ದವರು ಮೈಕಲ್ ಡಿ. ಹಿಗ್ಗಿನ್ಸ್. ಕವಿ, ಮೇಷ್ಟ್ರು, ಗಾಲ್ವೇ ಊರಿನಲ್ಲಿ ನೆಲೆಸಿದವರು. ಮುಂದೆ 2011ರಿಂದ 14 ವರ್ಷ ದೇಶದ ಅಧ್ಯಕ್ಷರಾಗಿದ್ದರು. ಸಂಸ್ಕೃತಿ ಖಾತೆಯನ್ನು ಸುಮ್ನೆ ರಿಬ್ಬನ್ ಕತ್ತರಿಸುವುದಕ್ಕೆ ಅಂದುಕೊಂಡವರಿಗೆ ಈ ಹೆಸರು ನೆನಪಿಸುತ್ತೇನೆ. ಮುಚ್ಚಿಹೋಗಿದ್ದ ಸಿನಿಮಾ ಮಂಡಳಿಯನ್ನು ಮತ್ತೆ ಬದುಕಿಸಿದವರೂ ಇವರೇ, ಆ ಕಥೆ ಮುಂದೆ ಬರುತ್ತದೆ.

ಸ್ವಂತ ಕಥೆಗೆ ಬೇರೆ ಪೆಟ್ಟಿಗೆ ಇಡಿ

ಹೊರಗಿನವರ ದುಡ್ಡು ಬಡಗಿಗೆ ಊಟ ಕೊಡುತ್ತದೆ. ಆದರೆ ಹೊರಗಿನವರಿಗೆ ನೆಗಡಿಯಾದರೆ ನಿಮಗೆ ಜ್ವರ ಬರುತ್ತದೆ. 2023ರ ಮೇನಲ್ಲಿ ಅಮೆರಿಕದ ಬರಹಗಾರರು ಮುಷ್ಕರ ಹೂಡಿದರು, ಜುಲೈನಲ್ಲಿ ನಟರೂ ಸೇರಿಕೊಂಡರು. ಅವರ ಬೇಡಿಕೆ ನ್ಯಾಯವಾದದ್ದೇ. ಆದರೆ ಎಂಟು ಸಾವಿರ ಕಿಲೋಮೀಟರ್ ದೂರದ ವಿಕ್ಲೋದಲ್ಲಿ ನಾವು ಮನೆಯಲ್ಲಿ ಕೂತೆವು. ನನಗೆ ನಾಲ್ಕು ತಿಂಗಳು ಸಂಬಳ ಇಲ್ಲ. ಆ ವರ್ಷ ಇಲ್ಲಿನ ಕನ್ನಡ ಕೂಟದ ರಾಜ್ಯೋತ್ಸವದ ಖರ್ಚುವೆಚ್ಚ ಇಷ್ಟು ಅಚ್ಚುಕಟ್ಟಾಗಿ ಯಾವತ್ತೂ ಇರಲಿಲ್ಲ ಅಂತ ಎಲ್ಲರೂ ಹೊಗಳಿದರು. ಪುಳಿಯೋಗರೆ ಗೊಜ್ಜಿಗೂ ವೋಚರ್ ಮಾಡಿದ್ದೆ.

ಹಾಗಾಗಿ ಎರಡನೇ ಪೆಟ್ಟಿಗೆ ಬೇಕು: ನಿಮ್ಮದೇ ಕಥೆಗಳಿಗೆ ಸರ್ಕಾರ ಕೊಡುವ ದುಡ್ಡು. ಐರ್ಲೆಂಡ್ ಇದಕ್ಕಾಗಿ 1981ರಲ್ಲಿ ಫಿಲ್ಮ್ ಬೋರ್ಡ್ ಶುರು ಮಾಡಿ, ಖರ್ಚು ಉಳಿಸಲು 1987ರಲ್ಲಿ ಮುಚ್ಚಿತು. ಆರು ವರ್ಷ ಮಂಡಳಿ ಇಲ್ಲ. ತಮಾಷೆ ಅಂದರೆ ಆ ಆರು ವರ್ಷದಲ್ಲೇ ಐರಿಶ್ ಚಿತ್ರಗಳು ಆಸ್ಕರ್ ಗೆದ್ದವು. 1993ರ ಮಾರ್ಚಿನಲ್ಲಿ ನಿರ್ದೇಶಕ ನೀಲ್ ಜೋರ್ಡನ್ನರಿಗೆ ಚಿತ್ರಕಥೆಗಾಗಿ ಬಂತು. 1982ರಲ್ಲಿ ಬಂದ ಅವರ ಮೊದಲ ಚಿತ್ರಕ್ಕೆ ದುಡ್ಡು ಕೊಟ್ಟದ್ದು ಅದೇ ಮುಚ್ಚಿದ ಮಂಡಳಿ! ನಾಚಿಕೆಯಾಗದೆ ಇರುತ್ತದಾ? 1993ರಲ್ಲೇ ಹಿಗ್ಗಿನ್ಸ್ ಮಂಡಳಿಯನ್ನು ಮತ್ತೆ ತೆರೆದರು, ಕಚೇರಿಯನ್ನು ಡಬ್ಲಿನ್ ಬಿಟ್ಟು ಗಾಲ್ವೇಯಲ್ಲಿ ಇಟ್ಟರು. ಈಗ ಅದರ ಹೆಸರು ಸ್ಕ್ರೀನ್ ಐರ್ಲೆಂಡ್.

ಈ ಪೆಟ್ಟಿಗೆಯಿಂದ ಸಣ್ಣ ಸಣ್ಣ ಮೊತ್ತ ಕೊಡಿ, ಹಲವರಿಗೆ ಕೊಡಿ. 'ಒನ್ಸ್' ಅನ್ನುವ ಚಿತ್ರ 17 ದಿನದಲ್ಲಿ, ಡಬ್ಲಿನ್ನಿನ ಬೀದಿಗಳಲ್ಲಿ, ಸುಮಾರು 1,12,000 ಯೂರೋದಲ್ಲಿ ಆಯಿತು. ಅದರಲ್ಲಿ ಹೆಚ್ಚಿನದು ಮಂಡಳಿಯ ದುಡ್ಡು. 2008ರಲ್ಲಿ ಅದರ ಹಾಡಿಗೆ ಆಸ್ಕರ್ ಬಂತು. ನನ್ನ ಒಂದು ಶೋದಲ್ಲಿ ಬರೀ ಡೀಸೆಲ್ ಜನರೇಟರಿನ ಬಾಡಿಗೆ ಇದಕ್ಕಿಂತ ಜಾಸ್ತಿ ಇತ್ತು. ಕೊಟ್ಟ ದುಡ್ಡೆಲ್ಲ ಹೀಗೇ ಹಣ್ಣಾಗುತ್ತದೆ ಅಂತಲ್ಲ. ಹತ್ತರಲ್ಲಿ ಆರೇಳು ಚಿತ್ರ ಯಾರಿಗೂ ನೆನಪಿರುವುದಿಲ್ಲ. ಆದರೆ ಆ ಆರೇಳರಲ್ಲಿ ಫೋಕಸ್ ಎಳೆಯುವುದನ್ನು ಕಲಿತ ಹುಡುಗಿ ಎಂಟನೆಯದರಲ್ಲಿ ಕ್ಯಾಮೆರಾ ಹಿಡಿಯುತ್ತಾಳೆ. ನನ್ನ ಕಿರ್ದಿಯಲ್ಲಿ ಅದು ನಷ್ಟದ ಕಡೆ ಬರುವುದಿಲ್ಲ.

ಬಂದ ಕಂಪನಿ ಮುಳುಗಿದರೂ ಬೀಜ ಬಿದ್ದಿರುತ್ತದೆ, ಅದನ್ನು ಹುಷಾರಾಗಿ ನೋಡಿಕೊಳ್ಳಿ. ಡಿಸ್ನಿಯಲ್ಲಿದ್ದ ಡಾನ್ ಬ್ಲೂತ್ 1980ರ ದಶಕದ ಮಧ್ಯದಲ್ಲಿ ತಮ್ಮ ಕಾರ್ಟೂನ್ ಸ್ಟುಡಿಯೋವನ್ನು ಡಬ್ಲಿನ್ನಿಗೆ ತಂದರು. ಚಿತ್ರ ಬರೆಯುವವರು ನೂರಾರು ಜನ ಬೇಕಿತ್ತು, ಬ್ಯಾಲಿಫರ್ಮಟ್ ಎಂಬ ಬಡಾವಣೆಯ ಕಾಲೇಜಿನಲ್ಲಿ ಆನಿಮೇಶನ್ ಕೋರ್ಸ್ ಶುರುವಾಯಿತು. ಹತ್ತು ವರ್ಷಕ್ಕೆ ಸ್ಟುಡಿಯೋ ಮುಚ್ಚಿತು. ಕೋರ್ಸ್ ಮುಚ್ಚಲಿಲ್ಲ. ಅಲ್ಲಿ ಓದಿದ ಹುಡುಗರು 1999ರಲ್ಲಿ ಕಿಲ್ಕೆನ್ನಿ ಎಂಬ ಸಣ್ಣ ಊರಿನಲ್ಲಿ ಕಾರ್ಟೂನ್ ಸಲೂನ್ ಅಂತ ಶುರು ಮಾಡಿದರು. ಅವರ ಮೊದಲ ನಾಲ್ಕು ಪೂರ್ಣ ಪ್ರಮಾಣದ ಚಿತ್ರಗಳೂ ಆಸ್ಕರ್ ನಾಮನಿರ್ದೇಶನ ಪಡೆದವು. ಕಿಲ್ಕೆನ್ನಿ ನಮ್ಮ ತಿಪಟೂರಿಗಿಂತ ಚಿಕ್ಕ ಊರು. ನನಗೆ ಹೊಟ್ಟೆಕಿಚ್ಚಾಗುವ ವಿಷಯ ಇದೊಂದೇ.

ಭಾಷೆಯ ಮಾತು

ಐರಿಶ್ ಭಾಷೆಯ ಸ್ಥಿತಿ ಕನ್ನಡದ್ದಲ್ಲ. ಶಾಲೆಯಲ್ಲಿ ಎಲ್ಲರೂ ಕಲಿಯುತ್ತಾರೆ, ಮನೆಯಲ್ಲಿ ಮಾತಾಡುವವರು ತೀರ ಕಡಿಮೆ. ಆ ಭಾಷೆಯಲ್ಲಿ ಸಿನಿಮಾ ಮಾಡಿದರೆ ಯಾರು ನೋಡುತ್ತಾರೆ ಅಂತಲೇ ದಶಕಗಳು ಕಳೆದವು. 1996ರಲ್ಲಿ ಐರಿಶ್ ಭಾಷೆಗೇ ಒಂದು ಟೀವಿ ಚಾನೆಲ್ ಶುರುವಾಯಿತು, ಈಗ ಅದು ಟಿಜಿ4. ಅದೇ ವರ್ಷ ಶುರುವಾದ ಒಂದು ಧಾರಾವಾಹಿ ಇವತ್ತಿಗೂ ಗಾಲ್ವೇ ಪಕ್ಕದ ಹಳ್ಳಿಯಲ್ಲಿ ಚಿತ್ರೀಕರಣವಾಗುತ್ತದೆ. ಸಂಭಾಷಣೆ ಬರೆಯುವವರು, ಮೇಕಪ್‌ನವರು, ಸೌಂಡಿನವರು ಎಲ್ಲ ಆ ಭಾಷೆಯಲ್ಲೇ ದುಡಿದು ಪಳಗಿದರು. ಆಮೇಲೆ ಚಾನೆಲ್ಲು, ಸಿನಿಮಾ ಮಂಡಳಿ, ಪ್ರಸಾರ ಪ್ರಾಧಿಕಾರ ಮೂರೂ ಸೇರಿ ಐರಿಶ್ ಭಾಷೆಯ ಚಿತ್ರಗಳಿಗೇ ಒಂದು ಯೋಜನೆ ಮಾಡಿದರು. ಅದರಿಂದ ಬಂದದ್ದು 'ದಿ ಕ್ವಾಯೆಟ್ ಗರ್ಲ್'. 2023ರಲ್ಲಿ ಆಸ್ಕರಿನ ಅಂತರರಾಷ್ಟ್ರೀಯ ಚಿತ್ರ ವಿಭಾಗಕ್ಕೆ ನಾಮನಿರ್ದೇಶನ ಪಡೆದ ಮೊದಲ ಐರಿಶ್ ಭಾಷೆಯ ಚಿತ್ರ.

ನಾನು ಅದನ್ನು ಬ್ರೇ ಊರಿನ ಥಿಯೇಟರಿನಲ್ಲಿ ನೋಡಿದೆ. ಅಕ್ಕಪಕ್ಕದವರೆಲ್ಲ ತಮ್ಮದೇ ಭಾಷೆಯ ಚಿತ್ರವನ್ನು ಇಂಗ್ಲಿಷ್ ಸಬ್‌ಟೈಟಲ್ ಓದಿಕೊಂಡು ನೋಡುತ್ತಿದ್ದರು, ನಾನೂ ಓದುತ್ತಿದ್ದೆ. ಆ ಕತ್ತಲಲ್ಲಿ ನಾನೊಬ್ಬಳೇ ಹೊರಗಿನವಳು ಅನ್ನಿಸಲಿಲ್ಲ.

ಇಂಥ ಚಿಕ್ಕ ಚಿತ್ರಗಳಿಗಾಗಿ, ಷರತ್ತು ಪೂರೈಸಿದರೆ, ಸೆಕ್ಷನ್ 481ರಲ್ಲಿ 2025ರಿಂದ 2 ಕೋಟಿ ಯೂರೋ ಒಳಗಿನ ಚಿತ್ರಗಳಿಗೆ 32% ಬದಲು 40% ಕೊಡುವ ಏರ್ಪಾಡೂ ಆಗಿದೆ. ಆಡಿನ ಮರಿಗೆ ಸ್ವಲ್ಪ ಜಾಸ್ತಿ ಹುಲ್ಲು. ಸರಿಯಾಗಿದೆ.

ಈಗ ಬೇಕಾದರೆ ಸ್ಟುಡಿಯೋ

ಇಷ್ಟೆಲ್ಲ ಆದ ಮೇಲೆ, ಜಾಗ ಸಾಲುತ್ತಿಲ್ಲ ಅಂತ ಜನ ಬೈಯಲು ಶುರು ಮಾಡಿದ ಮೇಲೆ, ಸ್ಟುಡಿಯೋ ಕಟ್ಟಿ. ಅದೂ ಹೊಸದೇ ಆಗಬೇಕಿಲ್ಲ. ಲಿಮರಿಕ್ ಊರಿನಲ್ಲಿ ಡೆಲ್ ಕಂಪ್ಯೂಟರ್ ಕಂಪನಿ 2009ರಲ್ಲಿ ತಯಾರಿಕೆಯನ್ನು ಪೋಲೆಂಡಿಗೆ ಸಾಗಿಸಿತು, 1,900 ಜನರ ಕೆಲಸ ಹೋಯಿತು. ಖಾಲಿ ಬಿದ್ದ ಕಟ್ಟಡವನ್ನು ಅಲ್ಲಿನ ಸ್ಥಳೀಯ ಆಡಳಿತ ಕೊಂಡುಕೊಂಡಿತು. ಅದರೊಳಗೆ ಟ್ರಾಯ್ ಸ್ಟುಡಿಯೋ ಬಂತು. ಎತ್ತರದ ಸೂರು, ದೊಡ್ಡ ಬಾಗಿಲು, ಲಾರಿ ನಿಲ್ಲಲು ಜಾಗ, ಬೇಕಾದಷ್ಟು ಕರೆಂಟು. ಸಿನಿಮಾದವರಿಗೆ ಇನ್ನೇನು ಬೇಕು? ಕಾರ್ಖಾನೆಗೆ ಹೋಗುತ್ತಿದ್ದ ದಾರಿಯಲ್ಲೇ ಜನ ಸೆಟ್ಟಿಗೆ ಹೋಗತೊಡಗಿದರು.

ಕೆಲಸ ಆಗಿದೆಯಾ ಇಲ್ಲವಾ ಅಂತ ತಿಳಿಯಲು ನನ್ನ ಹತ್ತಿರ ಒಂದೇ ಗುರುತಿದೆ. ಒಂದು ಮಂಗಳವಾರ ನಮ್ಮ ಪ್ರೊಡಕ್ಷನ್ ಮ್ಯಾನೇಜರ್ ಫೋನಿನಲ್ಲಿ ಕೂಗಾಡುತ್ತಿದ್ದ. ಸೆಟ್ಟಿನ ಕಲ್ಲುಗೋಡೆಗೆ ಪ್ಲಾಸ್ಟರ್ ಮಾಡುವ ಗಾರೆಯವರು ಒಬ್ಬರೂ ಸಿಗುತ್ತಿಲ್ಲ. ಇದ್ದವರನ್ನೆಲ್ಲ ಬೇರೆ ಎರಡು ಶೋಗಳು ಮೊದಲೇ ಹಿಡಿದುಕೊಂಡಿವೆ. ಲಿಮರಿಕ್ಕಿಗೆ ಮಾಡಿದ, ಬೆಲ್‌ಫಾಸ್ಟಿಗೆ ಮಾಡಿದ, ಎಲ್ಲೂ ಇಲ್ಲ. ಬಾಯಿಗೆ ಬಂದ ಹಾಗೆ ಬೈದ. ನಾನು ಪೆಟ್ಟಿ ಕ್ಯಾಶ್ ಲಕೋಟೆಗಳನ್ನು ಅಂಟಿಸುತ್ತಾ ಕೂತಿದ್ದೆ. ಮೂಲೆಯಲ್ಲಿ ಟೀ ಕುಡಿಯುತ್ತಿದ್ದ ಬಡಗಿ ಮೇಸ್ತ್ರಿ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದ.

ಮಧ್ಯಾಹ್ನದ ಹೊತ್ತಿಗೆ ಗಾರೆ ಕೆಲಸಕ್ಕೆ ಇಬ್ಬರು ಹೊಸ ಟ್ರೈನಿಗಳ ಹೆಸರು ನನ್ನ ಸಂಬಳದ ಪಟ್ಟಿಗೆ ಬಂತು. ಒಬ್ಬ ಮೇಸ್ತ್ರಿಯ ತಂಗಿಯ ಮಗ.